ಜೋಂಪಣ್ಣನ ಮೂಗಿನ ಗಾಳಿ

ಅಂದು ಬೆಳಗ್ಗೆ ಎದ್ದ ಕೂಡಲೇ ಜೋಂಪಣ್ಣನಿಗೆ ಎಂದಿನಂತೆ ಒಂದು ಆಕಳಿಕೆ ಬಂತು. ಬಂದದ್ದಕ್ಕೆ ಹೊರಗೆ ಹೋಗಲು ದಾರಿ ಸಿಗಲಿಲ್ಲ. ಕೆಳದವಡೆ ಕೆಳಗಿಳಿಯಲು ಒಪ್ಪಲಿಲ್ಲ, ಮೇಲ್ತುಟಿ ಜಾಗ ಬಿಟ್ಟು ಕದಲಲಿಲ್ಲ. ಆಕಳಿಕೆ ಎರಡೂ ಕಿವಿಗಳ ಹತ್ತಿರ ಹೋಗಿ ಗುಂಯ್ ಎಂದು ಅಲ್ಲೇ ಅಡಗಿತು. ಮೂಗಿನ ಕೆಳಗಿನಿಂದ ಗದ್ದದವರೆಗೆ ಅಗಲವಾದ ಒಂದು ಬಿಳಿ ಪಟ್ಟಿ ಅಂಟಿಕೊಂಡಿತ್ತು. ಅದನ್ನು ಬೇರೆ ಯಾರೋ ಅಂಟಿಸಿರಲಿಲ್ಲ. ಹಿಂದಿನ ರಾತ್ರಿ ಮಲಗುವ ಮುಂಚೆ, ಕನ್ನಡಿಯ ಎದುರು ನಿಂತು, ಬುದ್ಧಿ ಸ್ವಾಧೀನದಲ್ಲಿರುವಾಗಲೇ ಅವನೇ ಅಂಟಿಸಿಕೊಂಡಿದ್ದ.

ಅವನಿಗೆ ತಂದೆತಾಯಿ ಇಟ್ಟ ಹೆಸರು ಬೇರೆ. ಆದರೆ ಕೆಲಸಕ್ಕೆ ಸೇರಿದ ಮೇಲೆ ಆ ಹೆಸರು ಹಿಡಿದು ಕರೆದವರು ಕಡಿಮೆ, ಕೂತಲ್ಲೇ ಜೋಂಪು ಹತ್ತುವವನೆಂದು ಜೋಂಪಣ್ಣನೆಂದೇ ಕರೆದರು. ಗಾಳಿಯಲ್ಲಿ ವಿಷಾನಿಲ ಸೇರಿದರೆ ಕೂಗಿಕೊಳ್ಳುವ ಎಚ್ಚರಿಕೆ ಗಂಟೆಗಳನ್ನು ತಯಾರಿಸುವ ಕಾರ್ಖಾನೆ ಅದು. ಗಂಟೆ ಅಂದರೆ ಅಂಗೈಯಗಲದ ಬೂದುಬಣ್ಣದ ಪೆಟ್ಟಿಗೆ. ಹೊಸದಾಗಿ ಮಾಡಿದ ಪೆಟ್ಟಿಗೆಗಳನ್ನು ಪರೀಕ್ಷಾ ಕೋಣೆಯ ಗೋಡೆಗೆ ಸಾಲಾಗಿ ನೇತುಹಾಕಿ, ಚಾಲೂ ಮಾಡಿ, ಇಡೀ ಪಾಳಿ ಹಾಗೇ ಬಿಡುತ್ತಾರೆ. ಕಾರಣವಿಲ್ಲದೆ ಯಾವುದಾದರೂ ಕೂಗಿದರೆ ಅದು ಕೆಟ್ಟದ್ದು, ಇಳಿಸಿ ಪಕ್ಕಕ್ಕಿಡಬೇಕು. ಕೂಗುತ್ತದೋ ಇಲ್ಲವೋ ಎಂದು ಒಬ್ಬರು ಕುರ್ಚಿ ಹಾಕಿಕೊಂಡು ನೋಡುತ್ತಿರಬೇಕು. ಜೋಂಪಣ್ಣನ ಕೆಲಸ ಅದು. ಗಾಳಿ ಅಲುಗಬಾರದೆಂದು ಆ ಕೋಣೆಗೆ ಕಿಟಕಿ ಇಟ್ಟಿರಲಿಲ್ಲ, ಫ್ಯಾನ್ ಹಾಕುವಂತಿರಲಿಲ್ಲ, ಸೆಂಟು ಬಳಿದುಕೊಂಡವರು ಒಳಗೆ ಕಾಲಿಡುವಂತಿರಲಿಲ್ಲ. ಹದವಾದ ಬೆಚ್ಚನೆ, ಹದವಾದ ಮಬ್ಬು, ಗೋಡೆಯ ಮೇಲೆ ಮಿಣಮಿಣ ಹಸಿರು ದೀಪಗಳು. ಹಸುಗೂಸನ್ನು ಮಲಗಿಸುವುದಕ್ಕೂ ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕುವುದಿಲ್ಲ. ಅಲ್ಲಿ ಕಣ್ಣು ತೆರೆದು ಕೂರುವುದಕ್ಕೆ ಅವನಿಗೆ ಸಂಬಳ ಕೊಡುತ್ತಿದ್ದರು.

ಹಿಂದಿನ ವಾರ ಸೂಪರ್‌ವೈಸರ್ ಬಾಗಿಲು ತೆಗೆದಾಗ ಜೋಂಪಣ್ಣ ಬಾಯಿ ತೆರೆದು, ತಲೆ ಹಿಂದಕ್ಕೆ ಚೆಲ್ಲಿ, ಗೊರಕೆ ಹೊಡೆಯುತ್ತಿದ್ದ. ಅದು ಮೊದಲನೆಯ ಸಲವಾಗಿರಲಿಲ್ಲ.

"ಇನ್ನೊಂದೇ ಒಂದು ಸಲ ಕಣ್ಣು ಮುಚ್ಚಿದ್ದು ನೋಡಿದ್ರೆ ಈ ಕುರ್ಚೀಲಿ ಬೇರೆಯವರು ಕೂತಿರ್ತಾರೆ. ನೀವು ಮನೇಲಿ ಆರಾಮಾಗಿ ಮಲಗಿರಬಹುದು," ಎಂದಿದ್ದರು ಸೂಪರ್‌ವೈಸರ್. ಕಿರುಚಿರಲಿಲ್ಲ. ಮೆಲ್ಲಗೆ ಹೇಳಿದ್ದರು. ಅದಕ್ಕೇ ಅದು ಒಳಗಿಳಿದಿತ್ತು.

ಜೋಂಪಣ್ಣನದು ಹೊಸ ಕೆಲಸ ಯಾರೂ ಕೊಡದ ವಯಸ್ಸು. ಆ ಕುರ್ಚಿ ಬಿಟ್ಟರೆ ಈ ಪ್ರಪಂಚದಲ್ಲಿ ಅವನಿಗಾಗಿ ಇನ್ನೊಂದು ಕುರ್ಚಿ ಇರಲಿಲ್ಲ. ಅವನು ಈ ವಿಷಯವನ್ನು ಹೆಂಡತಿಗೂ ಹೇಳದೆ ವಾರವಿಡೀ ಒಬ್ಬನೇ ನುಂಗಿಕೊಂಡು ತಿರುಗಿದ್ದ. ಹೇಳಿದ್ದು ಒಬ್ಬರಿಗೆ ಮಾತ್ರ, ಮಹಡಿ ಮೇಲಿನ ಮನೆಯ ಕಂಪೌಂಡರಿಗೆ.

ಕಂಪೌಂಡರ್ ಕಿವಿ ಮೂಗು ಗಂಟಲಿನ ಡಾಕ್ಟರ ಕ್ಲಿನಿಕ್‌ನಲ್ಲಿ ಕೆಲಸಕ್ಕಿದ್ದರು. ಡಾಕ್ಟರು ಒಳಗೆ ರೋಗಿಗೆ ಹೇಳುವುದನ್ನು ಬಾಗಿಲಾಚೆ ನಿಂತು ಕೇಳಿ ಕಲಿತ ವಿದ್ಯೆ ಅವರದು. ಡಾಕ್ಟರು "ಇರಬಹುದು" ಎಂದದ್ದು ಬಾಗಿಲು ದಾಟುವಷ್ಟರಲ್ಲಿ "ಹೌದು" ಆಗಿರುತ್ತಿತ್ತು, ಕಂಪೌಂಡರ ಬಾಯಿಗೆ ಬರುವಷ್ಟರಲ್ಲಿ "ಹೌದೇ ಹೌದು" ಆಗಿರುತ್ತಿತ್ತು.

"ನೀವು ಬಾಯಲ್ಲಿ ಉಸಿರಾಡ್ತೀರಿ. ನಿಮ್ಮ ಗೊರಕೆ ದಿನಾ ನಮ್ಮನೆ ನೆಲದಿಂದ ಮೇಲೆ ಬರತ್ತಲ್ಲ, ನಂಗೊತ್ತಿಲ್ವಾ? ಅದೇ ನಿಮ್ಮ ಕಾಯಿಲೆ," ಎಂದಿದ್ದರು ಅವರು ಹಿಂದಿನ ಸಂಜೆ ಮೆಟ್ಟಿಲ ಮೇಲೆ ಕೂತು. "ಕೆನ್ನೆ ಮೂಳೆ, ಹಣೆ ಮೂಳೆ ಒಳಗೆ ಗೂಡುಗಳಿವೆ. ಅಲ್ಲಿ ಒಂದು ಗಾಳಿ ಹುಟ್ಟಿ ಮೂಗಿಗೆ ಬರತ್ತೆ. ಮೂಗಲ್ಲಿ ಉಸಿರೆಳೆದ್ರೆ ಅದು ಶ್ವಾಸಕೋಶಕ್ಕೆ ಹೋಗತ್ತೆ, ರಕ್ತನಾಳ ಸಡಿಲ ಮಾಡತ್ತೆ, ನಿದ್ದೆ ಗಟ್ಟಿಯಾಗತ್ತೆ. ಬಾಯಿ ತೆಗೆದು ಮಲಗೋರಿಗೆ ಆ ಗಾಳಿ ಸಿಗೋದೇ ಇಲ್ಲ. ರಾತ್ರಿ ಅರೆಬರೆ ನಿದ್ದೆ, ಹಗಲೆಲ್ಲ ತೂಕಡಿಕೆ."

"ಯಾವ ಗಾಳಿ ಅದು?"

"ನೈಟ್ರಿಕ್ ಆಕ್ಸೈಡ್."

ಜೋಂಪಣ್ಣ ಕೂತಲ್ಲೇ ಬೆಚ್ಚಿಬಿದ್ದ. "ಅಯ್ಯೋ, ಅದು ವಿಷ ರೀ! ಸುರಂಗದ ರಸ್ತೆಗಳಿಗೆ ಅಂತ ಈಗ ಹೊಸ ಗಂಟೆ ಮಾಡ್ತಿದೀವಲ್ಲ, ಅದು ಕೂಗೋದೇ ಆ ಗಾಳಿಗೆ. ಗಾಡಿ ಹೊಗೇಲಿ ಬರತ್ತಂತೆ."

"ಸುರಂಗದಲ್ಲಿ ವಿಷ, ಮೂಗಲ್ಲಿ ಮದ್ದು. ಎಲ್ಲಾ ಪ್ರಮಾಣದ ಮೇಲೆ. ಬಾಯಿಗೆ ಪಟ್ಟಿ ಹಚ್ಕೊಂಡು ಮಲಗಿ, ಬೆಳಗ್ಗೆ ಎದ್ದು ನಂಗೆ ಹೇಳಿ," ಎಂದು ಕಂಪೌಂಡರ್ ಜೇಬಿನಿಂದ ಒಂದು ಸುರುಳಿ ತೆಗೆದು ಕೊಟ್ಟಿದ್ದರು.

ಪಟ್ಟಿ ಹಚ್ಚಿಕೊಂಡದ್ದೇನೋ ಆಯಿತು. ಆದರೆ ಬಾಯಿ ಮುಚ್ಚಿದ ಮೇಲೆ ಮೂಗೂ ಕಟ್ಟಿಬಿಟ್ಟರೆ ಗತಿಯೇನು ಎಂಬ ಯೋಚನೆ ಹತ್ತಿಕೊಂಡು, ರಾತ್ರಿಯೆಲ್ಲ ಎರಡು ಹೊಳ್ಳೆಗಳನ್ನೂ ಸರದಿಯ ಮೇಲೆ ಪರೀಕ್ಷಿಸುತ್ತ ಅವನು ಕಣ್ಣೆವೆ ಮುಚ್ಚಲಿಲ್ಲ. ಇದ್ದ ಅರೆಬರೆ ನಿದ್ದೆಯೂ ಹೋಯಿತು.

"ಏನ್ರೀ ಇದು ಅವತಾರ?" ಎಂದಳು ಹೆಂಡತಿ. ಅವಳ ಕಣ್ಣೂ ಕೆಂಪಾಗಿತ್ತು. "ರಾತ್ರಿ ನಿಮ್ಮ ಗೊರಕೇನೇ ಇಲ್ಲ. ಏನಾಯ್ತೋ ಏನೋ ಅಂತ ನಾನು ಎದ್ದೆದ್ದು ಕತ್ತಲಲ್ಲೇ ಮೂಗಿನ ಹತ್ರ ಬೆರಳಿಟ್ಟು ನೋಡಿದ್ದೇ ನೋಡಿದ್ದು. ಇಷ್ಟು ವರ್ಷ ಆ ಸದ್ದಿಗೆ ನಿದ್ದೆ ಬರ್ತಿರ್ಲಿಲ್ಲ. ನಿನ್ನೆ ಆ ಸದ್ದಿಲ್ದೆ ನಿದ್ದೆ ಬರ್ಲಿಲ್ಲ."

ಅವನು ಪಟ್ಟಿಯ ತುದಿ ಹಿಡಿದು ಎಳೆದ. ಪಟ್ಟಿ ಬರಲಿಲ್ಲ, ಕಣ್ಣೀರು ಬಂತು. ಅದರ ಕೆಳಗೆ ಮೀಸೆ ಇತ್ತು. ಹೆಂಡತಿ ಬಿಸಿನೀರಿನ ಬಟ್ಟೆ ಒತ್ತಿದಳು, ಎಣ್ಣೆ ಸವರಿದಳು, ಕೊನೆಗೆ ಅವನ ಭುಜಕ್ಕೆ ಕೈಯಾನಿಸಿ ಬಲವಾಗಿ ಎಳೆದೂ ನೋಡಿದಳು. ಪಟ್ಟಿ ಹುಟ್ಟುತ್ತಲೇ ಅಲ್ಲಿತ್ತೇನೋ ಎಂಬಂತೆ ಕೂತಿತ್ತು. ಜೋಂಪಣ್ಣನ ನರಳಾಟ ಕೇಳಿ ಮೇಲಿನಿಂದ ಕಂಪೌಂಡರೇ ಇಳಿದು ಬಂದರು.

"ಎಳೀಬೇಡಿ, ಎಳೀಬೇಡಿ! ಚರ್ಮಾನೇ ಬಂದುಬಿಡತ್ತೆ!" ಎಂದು ಹತ್ತಿರ ಬಂದು ಬಗ್ಗಿ ನೋಡಿದವರು ಪಟ್ಟಿಯ ಅಂಚನ್ನು ಉಗುರಿನಿಂದ ಕೆರೆದು ನೋಡಿದರು. "ಸುರುಳಿ ಅದಲುಬದಲಾಗಿದೆ. ಇದು ಮೂಗು ಮುರಿದವರಿಗೆ ಮೂಳೆ ಕೂರಿಸಿದ ಮೇಲೆ ಹಚ್ಚೋದು. ಇದನ್ನ ಬಿಡಿಸೋದಕ್ಕೆ ಒಂದು ದ್ರಾವಣ ಇದೆ, ಕ್ಲಿನಿಕ್‌ನಲ್ಲಿ. ಬಾಗಿಲು ತೆಗೆದ ತಕ್ಷಣ ತಗೊಂಡು ನಿಮ್ಮ ಕಾರ್ಖಾನೆಗೇ ಬರ್ತೀನಿ. ನೀವು ಧೈರ್ಯವಾಗಿ ಹೊರಡಿ."

ರಜೆ ಹಾಕುವ ಮಾತೇ ಇರಲಿಲ್ಲ. ಸುರಂಗದ ಗಂಟೆಗಳನ್ನು ಕೊಳ್ಳುವ ಕಡೆಯವರು ತಪಾಸಣೆಗೆ ಬರುವುದು ಅಂದೇ. ಅಂದು ಕುರ್ಚಿ ಖಾಲಿ ಕಂಡರೆ ಆಮೇಲೆ ಅದು ಅವನಿಗಾಗಿ ಕಾದಿರುವುದಿಲ್ಲ. ಜೋಂಪಣ್ಣ ತನ್ನ ಕೆಂಪು ಕಣ್ಣುಗಳನ್ನು ಬೆರಳಿನಿಂದ ತೋರಿಸಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕೈ ಚೆಲ್ಲಿದ.

"ನಿದ್ದೆ ಬರತ್ತೆ ಅಂತೀರಾ? ಅದಕ್ಕೂ ಉಪಾಯ ಇದೆ. ಬಾಯಿ ಹೇಗೂ ಮುಚ್ಚಿದೆ, ಮೂಗಲ್ಲಿ ಗುನುಗಿ. ಹ್ಮ್‌ಮ್‌ಮ್ ಅಂತ. ಗುನುಗಿದ್ರೆ ಆ ಗಾಳಿ ಹತ್ತು ಪಟ್ಟು ಹೊರಡತ್ತೆ. ನಿದ್ದೆ ಹತ್ರಾನೂ ಸುಳಿಯಲ್ಲ."

"ಅದು ನಿದ್ದೆ ತರೋ ಗಾಳಿ ಅಂದ್ರಲ್ಲ ನಿನ್ನೆ ಮೆಟ್ಟಿಲ ಮೇಲೆ? ಒಳಗೆ ಅಷ್ಟು ಕೇಳಿಸ್ತು," ಎಂದಳು ಹೆಂಡತಿ.

"ರಾತ್ರಿ ತರತ್ತೆ, ಹಗಲು ಓಡಿಸತ್ತೆ. ಅದಕ್ಕೆ ಹೊತ್ತುಗೊತ್ತು ತಿಳಿಯತ್ತೆ ಅಕ್ಕಾ," ಎಂದು ಕಂಪೌಂಡರ್ ಮೆಟ್ಟಿಲು ಹತ್ತಿ ಹೋದರು.

ಬಸ್ಸಿನಲ್ಲಿ ಜನ ಅವನ ಮುಖ ನೋಡಿ ಎದ್ದು ಜಾಗ ಕೊಟ್ಟರು. ಪಕ್ಕದಲ್ಲಿದ್ದ ಮುದುಕ "ಹಲ್ಲೋ, ದವಡೆಯೋ?" ಎಂದು ಮರುಕದಿಂದ ಕೇಳಿ, ಉತ್ತರ ಬಾರದ್ದು ಕಂಡು ತಾನೇ ಎರಡೂ ಇರಬೇಕೆಂದು ತೀರ್ಮಾನಿಸಿ ನಿಟ್ಟುಸಿರುಬಿಟ್ಟ. ಜೋಂಪಣ್ಣನಿಗೆ ಆ ನಿಟ್ಟುಸಿರು ಹಿತವಾಗಿತ್ತು. ಆ ದಿನ ಅವನನ್ನು ಸರಿಯಾಗಿ ಅರ್ಥ ಮಾಡಿಕೊಂಡವನು ಆ ಮುದುಕ ಒಬ್ಬನೇ.

ಕಾರ್ಖಾನೆಯ ಗೇಟಿನಲ್ಲಿ ಸೋಲ್ಡರಕ್ಕ ನಿಂತಿದ್ದಳು. ಪೆಟ್ಟಿಗೆಗಳೊಳಗಿನ ಸಣ್ಣ ತಂತಿಗಳಿಗೆ ಬೆಸುಗೆ ಹಾಕುವ ವಿಭಾಗದ ಹಿರಿಯಳು ಅವಳು. ಗಟ್ಟಿ ಗಂಟಲು, ಅದಕ್ಕಿಂತ ಗಟ್ಟಿ ಗುಂಡಿಗೆ. ಹೊಸ ಆರ್ಡರು ಬಂದ ಮೇಲೆ ಸೂಪರ್‌ವೈಸರ್ ಕೆಲಸಗಾರರ ವಿಶ್ರಾಂತಿ ಕೋಣೆಗೆ ಖಾಲಿ ರಟ್ಟಿನ ಡಬ್ಬಗಳನ್ನು ತುಂಬಿ ಬೀಗ ಹಾಕಿದ್ದರು. ಊಟವಾದ ಮೇಲೆ ಯಾರಿಗೂ ಬೆನ್ನು ಒರಗಿಸಲು ಜಾಗವಿರಲಿಲ್ಲ. ಕೇಳಲು ಹೋದವರಿಗೆಲ್ಲ ಅವರ ಉತ್ತರ ಒಂದೇ: "ಬಾಯಿ ಮುಚ್ಕೊಂಡು ಕೆಲಸ ಮಾಡಿ."

ಸೋಲ್ಡರಕ್ಕ ಜೋಂಪಣ್ಣನ ಮುಖ ನೋಡಿದಳು. ಪಟ್ಟಿ ನೋಡಿದಳು. ಕೆಂಪಾದ, ನೀರಾಡುವ ಕಣ್ಣು ನೋಡಿದಳು. ಅವಳ ಕೈಯಲ್ಲಿದ್ದ ಊಟದ ಡಬ್ಬಿ ಹಾಗೇ ನಿಂತಿತು.

"ಅಣ್ಣಾ!" ಎಂದಳು. "ಎಂಥ ಕೆಲಸ ಮಾಡಿದೆ ಅಣ್ಣಾ! ಬನ್ರೋ ಎಲ್ಲ, ನೋಡಿ ಇಲ್ಲಿ! ಬಾಯಿ ಮುಚ್ಕೊಂಡು ಕೆಲಸ ಮಾಡಿ ಅಂದ್ರಲ್ಲ, ನಮ್ಮಣ್ಣ ಮುಚ್ಕೊಂಡೇ ಬಂದಿದಾನೆ! ಅದೂ ಇವತ್ತು, ಕೊಳ್ಳೋರು ಬರೋ ದಿನ! ನಾವೆಲ್ಲ ಮೂಲೇಲಿ ನಿಂತು ಗೊಣಗಾಡಿದ್ವಿ. ಈ ಮನುಷ್ಯ ಒಂದೇ ಒಂದು ಮಾತಾಡ್ಲಿಲ್ಲ ನೋಡಿ!"

ಸುತ್ತ ಜನ ಸೇರಿದರು. ಜೋಂಪಣ್ಣ ಎರಡೂ ಕೈ ಅಡ್ಡಡ್ಡ ಆಡಿಸಿದ. ಅಯ್ಯೋ ಹಾಗಲ್ಲ ಎಂಬುದು ಅವನ ಅರ್ಥ. ತನ್ನನ್ನು ಹೊಗಳಬೇಡಿ ಎನ್ನುತ್ತಿದ್ದಾನೆಂದು ಅವರಿಗೆ ಕಂಡಿತು, ಅವನ ಮೇಲಿನ ಗೌರವ ಇನ್ನೂ ಒಂದು ಮೊಳ ಏರಿತು. ಅವನು ಜೇಬಿನ ಪೆನ್ನು ತೆಗೆದು, ಬಿದ್ದಿದ್ದ ರಟ್ಟಿನ ಚೂರು ಎತ್ತಿಕೊಂಡು ಬರೆಯತೊಡಗಿದ. ನಿದ್ದೆಗೋಸ್ಕರ ಹಚ್ಚಿಕೊಂಡೆ, ಈಗ ಬಿಡಿಸಲು ಬರುತ್ತಿಲ್ಲ ಎಂದು ಬರೆಯಬೇಕೆಂದಿದ್ದ. "ನಿದ್ದೆಗೋಸ್ಕರ" ಎಂಬಲ್ಲಿಗೆ ಬಂದಾಗ ಸೋಲ್ಡರಕ್ಕ ರಟ್ಟನ್ನು ಕಿತ್ತುಕೊಂಡಳು.

"ನಿದ್ದೆಗೋಸ್ಕರ!" ಎಂದು ಎತ್ತಿ ಹಿಡಿದಳು. "ಓದ್ಕೊಳ್ಳಿ! ಊಟ ಆದ್ಮೇಲೆ ಒಂದು ಗಳಿಗೆ ಕಣ್ಣು ಮುಚ್ಚೋದಕ್ಕೆ, ಅಷ್ಟಕ್ಕೋಸ್ಕರ ಹೋರಾಟ. ಇದಕ್ಕಿಂತ ನ್ಯಾಯವಾದ್ದು ಇನ್ನೇನಿದೆ?"

ಅದನ್ನು ಗೇಟಿಗೆ ನೇತುಹಾಕಿದರು. ಪ್ಯಾಕಿಂಗ್ ವಿಭಾಗದವನೊಬ್ಬ ಡಬ್ಬಗಳಿಗೆ ಅಂಟಿಸುವ ಕಂದು ಟೇಪಿನ ಸುರುಳಿ ತಂದ. ಕತ್ತರಿ ಕೈಯಿಂದ ಕೈಗೆ ಹೋಯಿತು. ಕೆಲಸದ ಸೈರನ್ ಆಗುವ ಹೊತ್ತಿಗೆ ಆ ಪಾಳಿಯಲ್ಲಿ ಮಾತಾಡಬಲ್ಲ ಬಾಯಿ ಒಂದೂ ಉಳಿದಿರಲಿಲ್ಲ. ಸೋಲ್ಡರಕ್ಕ ಎಲ್ಲರಿಗಿಂತ ಕೊನೆಗೆ ಅಂಟಿಸಿಕೊಂಡಳು, ಅವಳಿಗೆ ಹೇಳುವುದು ಬಹಳ ಇತ್ತು.

ಜೋಂಪಣ್ಣ ಪರೀಕ್ಷಾ ಕೋಣೆಗೆ ಬಂದು ಕುರ್ಚಿಯಲ್ಲಿ ಕೂತ. ಕೆಲಸ ಹೋಗುವುದು ಇನ್ನು ಖಂಡಿತ. ಮೊದಲಾದರೆ ಬರೀ ನಿದ್ದೆಬುರುಕನೆಂದು ತೆಗೆಯುತ್ತಿದ್ದರು, ಈಗ ದಂಗೆಯೆಬ್ಬಿಸಿದವನೆಂದು ತೆಗೆಯುತ್ತಾರೆ. ಇಷ್ಟು ಭಯವಿದ್ದರೂ ಆ ಬೆಚ್ಚನೆಯ ಮಬ್ಬಿನಲ್ಲಿ ಅವನ ರೆಪ್ಪೆಗಳು ತಾವಾಗಿ ಇಳಿಯತೊಡಗಿದವು. ಭಯಕ್ಕೂ ನಿದ್ದೆಗೂ ಒಂದಕ್ಕೊಂದು ಪರಿಚಯವೇ ಇದ್ದಂತಿರಲಿಲ್ಲ.

ಅವನಿಗೆ ಕಂಪೌಂಡರ ಉಪಾಯ ನೆನಪಾಯಿತು. ಗೋಡೆಯ ಹತ್ತಿರಕ್ಕೆ ಹೋಗಿ ನಿಂತು, ಕಣ್ಣು ಅಗಲಿಸಿಕೊಂಡು, "ಹ್ಮ್‌ಮ್‌ಮ್" ಎಂದು ಮೂಗಿನಲ್ಲಿ ಗುನುಗಿದ.

ಮೂಗಿಗೆ ನೇರವಾಗಿದ್ದ ಪೆಟ್ಟಿಗೆಯ ಹಸಿರು ದೀಪ ಆರಿ ಹಳದಿಯಾಯಿತು.

ಜೋಂಪಣ್ಣ ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ದೀಪ ಮತ್ತೆ ಹಸಿರಾಯಿತು. ಇನ್ನೊಮ್ಮೆ ಗುನುಗಿದ. ಮತ್ತೆ ಹಳದಿ. ತಪಾಸಣೆಯ ದಿನವೆಂದು ಎಲ್ಲ ಪೆಟ್ಟಿಗೆಗಳನ್ನೂ ಅತಿ ಸೂಕ್ಷ್ಮಕ್ಕೆ ತಿರುಗಿಸಿಟ್ಟಿದ್ದರು. ಹಳದಿ ದಾಟಿ ಕೆಂಪಾದರೆ ಗಂಟೆ ಕೂಗುತ್ತದೆ, ಕೂಗಿದರೆ ಪೆಟ್ಟಿಗೆ ಕೆಟ್ಟದ್ದೆಂದು ಲೆಕ್ಕ, ಕೊಳ್ಳುವವರು ಹೊರಟು ಹೋಗುತ್ತಾರೆ. ಕಂಪೌಂಡರ್ ಹೇಳಿದ ಮೂಗಿನ ಗಾಳಿ ಸುಳ್ಳಲ್ಲ ಎಂಬುದು ಅವನಿಗೆ ಅರಿವಾದದ್ದು ಹೀಗೆ. ಅವನು ಹೊಳ್ಳೆಗಳನ್ನು ಎರಡು ಬೆರಳಿಂದ ಒತ್ತಿ ಹಿಡಿದುಕೊಂಡು, ಉಸಿರು ಕಟ್ಟಿ, ಕುರ್ಚಿಯನ್ನು ಎದುರಿನ ಗೋಡೆಯವರೆಗೆ ಎಳೆದುಕೊಂಡು ಹೋದ. ಒಂದು ಲಾಭವೆಂದರೆ ನಿದ್ದೆ ಪೂರ್ತಿ ಹಾರಿಹೋಗಿತ್ತು.

ಅಷ್ಟರಲ್ಲಿ ಸೂಪರ್‌ವೈಸರ್ ಬಾಗಿಲು ತೆಗೆದು ಒಳಗೆ ಬಂದರು. ಅವರ ಮುಖದಲ್ಲಿ ರಕ್ತವಿರಲಿಲ್ಲ.

"ನೋಡಿ," ಎಂದರು. ಇದುವರೆಗೆ ಆ ಕೋಣೆಯಲ್ಲಿ ಯಾರೂ ಕೇಳಿರದ ಮೃದುವಾದ ದನಿ. "ನಿಮ್ಮ ಮೇಲೆ ನಂಗೆ ದ್ವೇಷ ಇಲ್ಲ. ಹೋದ ವಾರ ಹೇಳಿದ್ದನ್ನ ಮರೆತುಬಿಡಿ. ನಾನೂ ಮರೀತೀನಿ. ಈ ಕುರ್ಚಿ ನಿಮ್ದೇ. ಯಜಮಾನರು ಆ ತಪಾಸಣೆ ಮೇಡಂನ ಕರ್ಕೊಂಡು ಬರೋಕ್ ಮುಂಚೆ ನೀವು ಬಾಯಿದನ್ನ ತೆಗೆದುಬಿಡಿ. ನೀವು ತೆಗೆದ್ರೆ ಉಳಿದವರೂ ತೆಗೀತಾರೆ. ಅಷ್ಟೇ ನಾನು ಕೇಳೋದು."

ಜೋಂಪಣ್ಣನಿಗೆ ಕುಣಿಯುವಷ್ಟು ಸಂತೋಷವಾಯಿತು. ಒಂದು ವಾರ ಎದೆಯ ಮೇಲಿದ್ದ ಕಲ್ಲು ಇಳಿಯುವುದಕ್ಕೆ ಒಂದು ಪಟ್ಟಿಯಷ್ಟೇ ಅಡ್ಡಿ. ಅವನು ತುದಿ ಹಿಡಿದು ಜೀವ ಬಿಟ್ಟು ಎಳೆದ. ಮೇಲ್ತುಟಿ ಮೂಗಿನವರೆಗೆ ಬಂತು, ಪಟ್ಟಿ ಬರಲಿಲ್ಲ. ಮೀಸೆಯ ಬುಡ ಉರಿದು ಕೆನ್ನೆಯ ಮೇಲೆ ಕಣ್ಣೀರು ದಳದಳ ಇಳಿಯಿತು. ಅವನು ಸೋತು, ಸೂಪರ್‌ವೈಸರರನ್ನು ನೋಡುತ್ತ, ಆಗುವುದಿಲ್ಲವೆಂದು ತಲೆಯಾಡಿಸಿದ.

ಸೂಪರ್‌ವೈಸರ್ ಒಂದು ಹೆಜ್ಜೆ ಹಿಂದೆ ಸರಿದರು. "ಅಳ್ತಾ ಅಳ್ತಾನೂ ಆಗಲ್ಲ ಅಂತೀರಾ? ಬೇರೆಯವರಿಗೋಸ್ಕರ ಸ್ವಂತ ಕೆಲಸಾನೂ ಬೇಡವಾ ನಿಮಗೆ?" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ಭಕ್ತಿಯೇ ಇತ್ತು. ಜೋಂಪಣ್ಣ ಅವರ ಕೈ ಹಿಡಿದುಕೊಳ್ಳಲು ಹೋದ. ಅವರು ಕೈ ಬಿಡಿಸಿಕೊಂಡು ಹೊರಗೆ ಓಡಿದರು, ಏಕೆಂದರೆ ಅಂಗಳಕ್ಕೆ ಕಾರು ಬಂದು ನಿಂತಿತ್ತು.

ತಪಾಸಣೆಯ ಮೇಡಂ ಮಿತಭಾಷಿ. ಕೊರಳಿಗೆ ತನ್ನದೇ ಒಂದು ಅಳತೆಯ ಉಪಕರಣ ತೂಗುಹಾಕಿಕೊಂಡಿದ್ದಳು. ಯಜಮಾನರು ದಾರಿಯುದ್ದಕ್ಕೂ ಬಾಯಿತುಂಬ ಮಾತಾಡುತ್ತ ಅವಳನ್ನು ಕರೆತಂದು ಪರೀಕ್ಷಾ ಕೋಣೆಯ ಬಾಗಿಲು ತೆಗೆದು, ಅಲ್ಲೇ ಮಾತು ನಿಲ್ಲಿಸಿದರು. ಕಾರಿನ ಸದ್ದು ಕೇಳಿ ಒಳಗೆ ಬಂದು ಸೇರಿದ ಇಡೀ ಪಾಳಿಯವರು ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ದರು. ಎಲ್ಲರ ಬಾಯಿಗೂ ಕಂದು ಟೇಪು. ನಡುವೆ ಬಿಳಿ ಪಟ್ಟಿಯ ಜೋಂಪಣ್ಣ, ಸೋಲ್ಡರಕ್ಕ ತಾನೇ ಕುರ್ಚಿಯಿಂದ ಎಬ್ಬಿಸಿ ತಂದು ನಿಲ್ಲಿಸಿದ್ದು. ಸಾವಿನ ಮನೆಗೆ ಬಂದ ನೆಂಟರ ಹಾಗೆ ನಿಂತಿದ್ದರು.

"ಇವರಿಗೆಲ್ಲ ಏನಾಗಿದೆ?" ಎಂದಳು ಮೇಡಂ.

"ಇದು... ಧೂಳು ಹೋಗಬಾರದು ಅಂತ," ಎಂದರು ಯಜಮಾನರು.

ಮೇಡಂ ನೇರ ಜೋಂಪಣ್ಣನ ಎದುರು ಬಂದು ನಿಂತಳು. "ನೀವು ಹೇಳಿ. ಏನಿದು?"

ಜೋಂಪಣ್ಣನಿಗೆ ಇದೊಂದು ಅವಕಾಶ. ತಾನು ನಾಯಕನಲ್ಲ, ಬಡಪಾಯಿ, ಅಂಟಿಕೊಂಡುಬಿಟ್ಟಿದೆ ಎಂದು ಹೇಗಾದರೂ ತಿಳಿಸಬೇಕು. ಗಾಬರಿಯಲ್ಲಿ ಅವನಿಗೆ ಗೋಡೆಯ ನೆನಪು ಹೋಯಿತು. "ಹ್ಮ್‌ಮ್! ಹ್ಮ್‌ಮ್‌ಮ್‌ಮ್!" ಎಂದ.

ಸೋಲ್ಡರಕ್ಕನಿಗೆ ರೋಮಾಂಚನವಾಯಿತು. ಮುಖಂಡ ದನಿಯೆತ್ತಿದ್ದಾನೆ, ಹಿಂದೆ ನಿಂತವರು ಸುಮ್ಮನಿರುವುದೇ? ಅವಳೂ "ಹ್ಮ್‌ಮ್‌ಮ್" ಎಂದಳು. ಅವಳ ಪಕ್ಕದವನು ಎಂದ. ಅವನ ಪಕ್ಕದವಳು ಎಂದಳು. ನೋಡುತ್ತಿದ್ದಂತೆ ಇಡೀ ಸಾಲು ಒಂದೇ ಶ್ರುತಿಯಲ್ಲಿ, ಗೋಡೆಗೆ ಬೆನ್ನು ಕೊಟ್ಟು, ತಲೆಯ ಮೇಲೇ ತೂಗುತ್ತಿದ್ದ ಪೆಟ್ಟಿಗೆಗಳ ಕೆಳಗೆ ಗುನುಗತೊಡಗಿತು. ಜೋಂಪಣ್ಣ ಹಿಂತಿರುಗಿ ನೋಡಿದ. ಹಸಿರು ದೀಪಗಳು ಒಂದೊಂದಾಗಿ ಹಳದಿಯಾಗುತ್ತಿದ್ದವು. ಬೇಡ, ನಿಲ್ಲಿಸಿ, ಸಾಕು ಎಂದು ಅವನು ಎರಡೂ ಕೈಗಳನ್ನು ಮೇಲೆತ್ತಿ ಜೋರಾಗಿ ಬೀಸಿದ. ಅವನು ಕೈ ಎತ್ತಿದಾಗ ಅವರು ದನಿಯೆತ್ತಿದರು, ಅವನು ಇಳಿಸಿದಾಗ ಇಳಿಸಿದರು, ಮತ್ತೆ ಎತ್ತಿದಾಗ ಕೋಣೆಯೇ ನಡುಗುವಂತೆ ಗುನುಗಿದರು. ಒಂದು ದೀಪ ಕೆಂಪಾಯಿತು. ಆಮೇಲೆ ಯಾವುದು ಮೊದಲು ಯಾವುದು ಕೊನೆ ಎಂದು ತಿಳಿಯಲಿಲ್ಲ, ಗೋಡೆಗೆ ಗೋಡೆಯೇ ಬೊಬ್ಬೆ ಹೊಡೆಯಿತು.

ಗಂಟೆ ಕೂಗಿದರೆ ಕಾರ್ಖಾನೆ ಖಾಲಿ ಮಾಡಬೇಕೆಂಬುದು ನಿಯಮ. ಎಲ್ಲರೂ ಅಂಗಳಕ್ಕೆ ಓಡಿದರು. ಯಜಮಾನರು ತಲೆಗೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತರು. ಸೂಪರ್‌ವೈಸರ್ ಅವರ ಪಕ್ಕ ಕೂರಲೂ ಆಗದೆ ನಿಲ್ಲಲೂ ಆಗದೆ ಒದ್ದಾಡಿದರು. ಜೋಂಪಣ್ಣ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ. ಇನ್ನು ಎಚ್ಚರವಾಗಿದ್ದು ಉಳಿಸಿಕೊಳ್ಳುವುದು ಏನೂ ಇರಲಿಲ್ಲ.

ಮೇಡಂ ಮಾತ್ರ ತನ್ನ ಉಪಕರಣ ಹಿಡಿದು ಒಳಗೂ ಹೊರಗೂ ಓಡಾಡಿದಳು. ಖಾಲಿ ಕೋಣೆಯಲ್ಲಿ ಮುಳ್ಳು ಏಳಲಿಲ್ಲ. ಕೆಲಸಗಾರರ ಹತ್ತಿರ ಬಂದಾಗ ಅಲುಗಿತು. ಜೋಂಪಣ್ಣನ ಮುಖದ ಹತ್ತಿರ ಹಿಡಿದಾಗ, ಅವನು ದುಃಖದಿಂದ "ಹ್ಮ್" ಎಂದುದೇ ತಡ, ಜಿಗಿದು ಮೇಲೇರಿತು.

"ಇವರ ಮೂಗು!" ಎಂದಳು ಮೇಡಂ.

"ಹೌದೇ ಹೌದು!" ಎಂಬ ದನಿ ಗೇಟಿನಿಂದ ಬಂತು. ಕಂಪೌಂಡರ್ ಕೈಯಲ್ಲಿ ಸಣ್ಣ ಸೀಸೆ ಹಿಡಿದು ಏದುಸಿರುಬಿಡುತ್ತ ನಿಂತಿದ್ದರು. ಹತ್ತಿಯಲ್ಲಿ ದ್ರಾವಣ ಅದ್ದಿ ಜೋಂಪಣ್ಣನ ಪಟ್ಟಿಯ ಅಂಚಿಗೆ ಒತ್ತುತ್ತಲೇ ಅವರು ಮೂಳೆಯ ಗೂಡು, ಮೂಗಿನ ಗಾಳಿ, ಗುನುಗಿದರೆ ಹೊರಡುವ ಹತ್ತು ಪಟ್ಟು ಎಲ್ಲವನ್ನೂ ನೆರೆದವರಿಗೆ ವಿವರಿಸಿದರು. ಯಜಮಾನರು ಇದು ಯಾವ ಹುಚ್ಚನೆಂಬಂತೆ ನೋಡಿದರು. ಆದರೆ ಮೇಡಂ ತಲೆದೂಗಿದಳು.

"ಮೂಗಲ್ಲಿ ಈ ಅನಿಲ ಇರೋದು ನಿಜ. ಗುನುಗಿದ್ರೆ ಜಾಸ್ತಿ ಬರೋದೂ ನಿಜ. ನಿದ್ದೆಗೂ ಅದಕ್ಕೂ ಏನು ಸಂಬಂಧ ಅಂತ ಇನ್ನೂ ನೋಡ್ತಿದಾರೆ, ನಂಗೆ ಗೊತ್ತಿಲ್ಲ. ನಂಗೆ ಬೇಕಾಗಿರೋದು ಗಂಟೆ. ಮೂಗಲ್ಲಿರೋ ಇಷ್ಟು ಸಣ್ಣ ಪ್ರಮಾಣಾನೂ ಬಿಡದೆ ಹಿಡಿಯೋ ಗಂಟೆ ನಾನು ಬೇರೆ ಎಲ್ಲೂ ನೋಡಿಲ್ಲ," ಎಂದು ಯಜಮಾನರ ಕಡೆ ತಿರುಗಿದಳು. "ಒಂದೂ ತಪ್ಪಲಿಲ್ಲ, ಎಲ್ಲಾ ಕೂಗಿದ್ವು. ಗಂಟೆಗಳನ್ನ ನಾವು ತಗೋತೀವಿ. ಇನ್ನು ಇಷ್ಟು ಜನರ ಮೂಗನ್ನ ಒಟ್ಟಿಗೆ ನಿಲ್ಲಿಸಿ ಪರೀಕ್ಷೆ ಮಾಡಿ ತೋರಿಸಬೇಕು ಅನ್ನೋ ಯೋಚನೆ ಯಾರದು?"

ಯಜಮಾನರು ಸೂಪರ್‌ವೈಸರರನ್ನು ನೋಡಿದರು. ಸೂಪರ್‌ವೈಸರ್ ಜೋಂಪಣ್ಣನನ್ನು ನೋಡಿದರು.

ಕಾರು ಹೊರಟು ಹೋದ ಮೇಲೆ ಯಜಮಾನರು ಮೆಟ್ಟಿಲ ಮೇಲೆ ನಿಂತು ಎಲ್ಲರನ್ನೂ ಹತ್ತಿರ ಕರೆದರು. ಸಂತೋಷದಲ್ಲಿ ಅವರ ಕತ್ತು ಕೆಂಪಾಗಿತ್ತು. "ಗೇಟಲ್ಲಿ ನೇತುಹಾಕಿದ್ದನ್ನ ಓದಿದೆ. ನಿದ್ದೆಗೋಸ್ಕರ ಅಂತ. ಇವತ್ತು ನೀವು ಕೇಳಿದ್ದಕ್ಕೆ ಇಲ್ಲ ಅನ್ನೋನು ನಾನಲ್ಲ. ಇವತ್ತಿಂದಾನೇ ಊಟ ಆದ್ಮೇಲೆ ಎಲ್ಲರಿಗೂ ನಿದ್ದೆ. ಸೈರನ್ ಹಾಕೇ ಎಬ್ಬಿಸ್ತೀವಿ."

ಟೇಪು ಕೀಳುವ ಚರ್ ಚರ್ ಸದ್ದಿನ ಜೊತೆಗೆ ಒಂದು ದೊಡ್ಡ ಕೂಗು ಎದ್ದಿತು. ಸೋಲ್ಡರಕ್ಕ ಜೋಂಪಣ್ಣನ ಕೈ ಹಿಡಿದು ಎತ್ತಿದಳು. ಅದೇ ಹೊತ್ತಿಗೆ ಕಂಪೌಂಡರ ಕೈಯಲ್ಲಿ ಬಿಳಿ ಪಟ್ಟಿಯೂ ಬಿಟ್ಟುಬಂತು, ಅರ್ಧ ಮೀಸೆಯ ಸಮೇತ. ಜೋಂಪಣ್ಣನಿಗೆ ಆ ಅರ್ಧ ಮೀಸೆಯ ಚಿಂತೆ ಕೂಡ ಆಗಲಿಲ್ಲ. ಕೆಲಸ ಉಳಿಯಿತು. ಬೈಸಿಕೊಳ್ಳದೆ, ಹೆದರದೆ, ಕದಿಯದೆ, ಹಗಲಿನಲ್ಲಿ ಎಲ್ಲರೆದುರು ಮಲಗಬಹುದು. ಅವನ ಬದುಕಿನಲ್ಲಿ ಇಷ್ಟು ದೊಡ್ಡದು ಏನೂ ಸಿಕ್ಕಿರಲಿಲ್ಲ. ಅವನು ಮನಸಾರೆ ಒಂದು ಆಕಳಿಕೆ ತೆಗೆದ.

"ಆದ್ರೆ ಮಲಗೋದು ಎಲ್ಲಿ?" ಎಂದರು ಸೂಪರ್‌ವೈಸರ್. "ವಿಶ್ರಾಂತಿ ಕೋಣೇಲಿ ಡಬ್ಬ ತುಂಬಿದೆ. ಈಗ ಆರ್ಡರ್ ಬೇರೆ ದೊಡ್ಡದಾಯ್ತು, ಡಬ್ಬ ಇನ್ನೂ ಬರತ್ತೆ."

"ಪರೀಕ್ಷಾ ಕೋಣೆ ಇದೆಯಲ್ಲ. ಬೆಚ್ಚಗಿದೆ, ಸದ್ದಿಲ್ಲ. ನಿದ್ದೆಗೆ ಅದಕ್ಕಿಂತ ಒಳ್ಳೇ ಜಾಗ ಬೇಕಾ? ಚಾಪೆ ಹಾಸಿ," ಎಂದರು ಯಜಮಾನರು.

"ಅಲ್ಲಿ ಗಂಟೆಗಳಿವೆಯಲ್ಲ ಸಾರ್. ಮಲಗಿದವರ ಮೂಗು ಸುಮ್ಮನಿರಲ್ಲ. ಯಾವುದಾದ್ರೂ ಹಳದಿಯಾದ್ರೆ ಕೆಂಪಾಗೋಕ್ ಮುಂಚೆ ಅದರ ಕೆಳಗಿರೋರನ್ನ ಮೆಲ್ಲಗೆ ಹೊರಳಿಸಬೇಕು. ಒಬ್ಬರು ಎಚ್ಚರವಾಗಿರ್ಲೇಬೇಕು."

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು.

"ಇನ್ನು ಯಾರು? ನಮ್ಮಣ್ಣಾನೇ!" ಎಂದಳು ಸೋಲ್ಡರಕ್ಕ, ಅಭಿಮಾನದಿಂದ. "ಯಾವ ದೀಪ ಯಾವಾಗ ಬದಲಾಗತ್ತೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮಗೋಸ್ಕರ ಕೆಲಸಾನೇ ಬಿಡೋಕೆ ತಯಾರಿದ್ದ. ಒಂದು ಗಳಿಗೆ ನಿದ್ದೆ ಬಿಡೋದು ಅವನಿಗೆ ಯಾವ ಲೆಕ್ಕ?"

ಜೋಂಪಣ್ಣನ ಬಾಯಿಗೆ ಈಗ ಬಿಡುಗಡೆಯಾಗಿತ್ತು. ಇಡೀ ದಿನ ಹೇಳಲಾರದೆ ಉಳಿದದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಆದರೆ ಎದುರಿಗೆ ಅಷ್ಟು ಜನ ಕಣ್ಣಲ್ಲಿ ನೀರು ತುಂಬಿಕೊಂಡು ಅವನನ್ನೇ ನೋಡುತ್ತಿದ್ದರು. ಅವನನ್ನು ಯಾರೂ ಯಾವತ್ತೂ ಹಾಗೆ ನೋಡಿರಲಿಲ್ಲ. "ಆಗಲಿ," ಎಂದಷ್ಟೇ ಅವನ ಬಾಯಿಂದ ಬಂತು.

ಊಟವಾಯಿತು. ಪರೀಕ್ಷಾ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಚಾಪೆ ಹಾಸಿದರು. ಸೋಲ್ಡರಕ್ಕ ಮಲಗಿದಳು, ಪ್ಯಾಕಿಂಗ್‌ನವರು ಮಲಗಿದರು. ಮೊದಮೊದಲು ಸಂಕೋಚಪಟ್ಟ ಸೂಪರ್‌ವೈಸರರೂ ಒಂದು ಮೂಲೆಯಲ್ಲಿ ಚಪ್ಪಲಿ ಬಿಟ್ಟು ಉರುಳಿದರು. ಹೊರಡಬೇಕಾಗಿದ್ದ ಕಂಪೌಂಡರ್ ಕೂಡ, ಮೂಗಿನ ಉಸಿರು ಹೇಗಿರಬೇಕೆಂದು ತೋರಿಸಿಕೊಡುತ್ತೇನೆಂದು ಬಾಗಿಲ ಬಳಿ ಅಡ್ಡಾಗಿ, ತೋರಿಸುವ ಮುಂಚೆಯೇ ಬಾಯಿ ತೆರೆದು ನಿದ್ದೆಹೋದರು.

ಕಣ್ಣು ಮುಚ್ಚುವ ಮುಂಚೆ ಸೂಪರ್‌ವೈಸರ್ ತಲೆಯೆತ್ತಿ ಒಂದು ಮಾತು ಹೇಳಿದರು. "ಹೋದ ವಾರದ್ದು ಮರೆತೆ ಅಂದಿದ್ದೆ, ಮರೆತಿದೀನಿ. ಆದ್ರೆ ಇಷ್ಟು ಜನ ನಿಮ್ಮನ್ನ ನಂಬಿ ಮಲಗಿರೋವಾಗ ನೀವು ತೂಕಡಿಸಿದ್ರೆ, ನಾನಲ್ಲ, ಇವರೇ ನಿಮ್ಮನ್ನ ಮನೆಗೆ ಕಳಿಸ್ತಾರೆ. ನೋಡ್ಕೊಳ್ಳಿ."

ಬಾಗಿಲು ಮುಚ್ಚಿತು. ಹದವಾದ ಬೆಚ್ಚನೆ, ಸುತ್ತಲೂ ನಿಧಾನವಾಗಿ ಏರಿಳಿಯುವ ಉಸಿರು. ರಾತ್ರಿಯಿಡೀ ಕಣ್ಣು ಮುಚ್ಚದ ಜೋಂಪಣ್ಣ ಪೆಟ್ಟಿಗೆಗಳ ಕೆಳಕ್ಕೆ ಎಳೆದುಕೊಂಡ ಕುರ್ಚಿಯ ಅಂಚಿನಲ್ಲಿ ನೆಟ್ಟಗೆ ಕೂತು, ಎರಡೂ ರೆಪ್ಪೆಗಳನ್ನು ಬೆರಳಿನಿಂದ ಎತ್ತಿ ಹಿಡಿದು, ತಾನು ಗೆದ್ದುಕೊಟ್ಟ ನಿದ್ದೆಯನ್ನು ಕಾದ. ಅವನಿಗೆ ಅಳು ಒತ್ತಿ ಬಂತು. ಅಳುವಂತೆಯೂ ಇರಲಿಲ್ಲ. ಅತ್ತರೆ ಮೂಗು ಸೊರಸೊರ ಅನ್ನುತ್ತದೆ, ತಲೆಯ ಮೇಲಿನ ಪೆಟ್ಟಿಗೆ ಆಗಲೇ ಹಳದಿಯಾಗಿತ್ತು.